ನಾಲ್ಕು ಸಾವಿರದ ಸ್ಟ್ರೋಲರ್ ನಂಬಬಹುದಾ?

ಪ್ರಶ್ನೆ: ನಮ್ಮ ಮಗಳಿಗೆ ಈಗ 5 ತಿಂಗಳು. ಬೇಬಿಹಗ್ ಸ್ಟ್ರೋಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ನಾಲ್ಕು ಸಾವಿರ ಚಿಲ್ಲರೆಗೆ ಸಿಗುತ್ತಿದೆ. ಇಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಗಟ್ಟಿ ಇರಲ್ಲ, ಬೇಡ ಅಂತಾರೆ ನಮ್ಮ ಮನೆಯವರು. ಇದು ಯಾವ ದೇಶದ ಕಂಪನಿ? ತಗೋಬಹುದಾ?
– ಓದುಗರು, ದಾವಣಗೆರೆ

ಉತ್ತರ: ಹೆಸರು ಕೇಳಿದರೆ ಹೊರದೇಶದ್ದು ಅನ್ನಿಸುತ್ತದೆ. ಅಲ್ಲಮ್ಮ, ಇದು ಪುಣೆಯದು. ಮಕ್ಕಳ ಸಾಮಾನು ಮಾರುವ ಫಸ್ಟ್‌ಕ್ರೈ ಅಂಗಡಿ ಗೊತ್ತಲ್ವಾ, ಅವರದೇ ಸ್ವಂತ ಬ್ರ್ಯಾಂಡ್ ಬೇಬಿಹಗ್. ಅದರ ಹಿಂದಿರುವ ಕಂಪನಿ ಬ್ರೈನ್‌ಬೀಸ್. 2010ರಲ್ಲಿ ಸುಪಮ್ ಮಹೇಶ್ವರಿ ಮತ್ತು ಅಮಿತಾವ ಸಾಹಾ ಸೇರಿ ಶುರು ಮಾಡಿದರು, 2024ರ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಗೂ ಬಂತು. ಅಂಗಡಿಯವರೇ ತಮ್ಮ ಹೆಸರು ಹಾಕಿ ತಮ್ಮಲ್ಲೇ ಮಾರುವುದರಿಂದ ನಡುವಿನವರಿಗೆ ಹೋಗುವ ಲಾಭದ ದುಡ್ಡು ಉಳಿತಾಯವಾಗುತ್ತದೆ. ಹಾಗಾಗಿ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಮಾಲು ಕಳಪೆ ಅಂದುಕೊಳ್ಳಬೇಡಿ. ತಯಾರಿಸಿದವರು ಅಥವಾ ಆಮದು ಮಾಡಿಕೊಂಡವರು ಯಾರು ಅಂತ ಡಬ್ಬದ ಮೇಲೆ ಇರಲೇಬೇಕು, ಓದಿ ನೋಡಿ.

ದುಬಾರಿ ಹೆಸರೂ ಭರವಸೆ ಅಲ್ಲ. ಛತ್ರಿಯ ಹಾಗೆ ಮಡಚುವ ಸ್ಟ್ರೋಲರನ್ನು 1965ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಓವೆನ್ ಮೆಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಭಾಗಕ್ಕೆ ಕೆಲಸ ಮಾಡಿದ್ದ ಎಂಜಿನಿಯರ್ ಅವರು. ಅಂಥವರ ಹೆಸರಿನ ಕಂಪನಿಯೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರೋಲರ್‌ಗಳನ್ನು ವಾಪಸ್ ಕರೆಯಬೇಕಾಯಿತು. ಬಿಡಿಸುವಾಗ, ಮಡಚುವಾಗ ಮಕ್ಕಳ ಬೆರಳ ತುದಿ ಮಡಚುವ ಕೀಲಿನಲ್ಲಿ (ಹಿಂಜ್) ಸಿಕ್ಕಿ ತುಂಡಾಗಿತ್ತು. ಅದಕ್ಕೇ ಹೇಳುತ್ತೇನೆ, ಗಾಡಿ ಯಾವ ಕಂಪನಿಯದೇ ಇರಲಿ, ಬಿಡಿಸಿ ಮಡಚುವಾಗ ಮಗು ಹತ್ತಿರ ಇರಬಾರದು.

ಅಂಗಡಿಗೇ ಹೋಗಿ ನೋಡುವುದು ಒಳ್ಳೆಯದು, ಸಾಧ್ಯವಾದರೆ 5 ಕೆಜಿ ಅಕ್ಕಿ ಚೀಲ ತೆಗೆದುಕೊಂಡು ಹೋಗಿ ಸೀಟಿನ ಮೇಲಿಟ್ಟು ತಳ್ಳಿ, ಒಂದೇ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಾಕಿ ಜಗ್ಗಿ ನೋಡಿ. ಬಿಡಿಸಿದ ಮೇಲೆ ಲಾಕ್ ಟಕ್ ಅಂತ ಕೂರಬೇಕು, ಅಲ್ಲಾಡಬಾರದು. ಬೆಲ್ಟ್ ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವಂಥದ್ದಿರಲಿ. ನಿಮ್ಮ ಮಗಳಿಗೆ ಕತ್ತು ನಿಂತಿದ್ದರೂ ತಾನಾಗಿ ಕೂರುವ ವಯಸ್ಸಲ್ಲ, ಆದ್ದರಿಂದ ಸೀಟು ಪೂರ್ತಿ ಮಲಗಿಸುವ ಮಾದರಿಯೇ ಬೇಕು. ಛತ್ರಿ ಮಾದರಿಯ ತೀರಾ ಹಗುರದ ಗಾಡಿಗಳಲ್ಲಿ ಹೆಚ್ಚಾಗಿ ಇದು ಇರುವುದಿಲ್ಲ. ಚಕ್ರ ಚಿಕ್ಕದಿದ್ದರೆ ನಮ್ಮ ಫುಟ್‌ಪಾತ್ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೀದಿಯಲ್ಲಿ ಓಡಾಡಿಸುವುದೇ ಜಾಸ್ತಿ ಅಂದರೆ ಐನೂರು ರೂಪಾಯಿ ಹೆಚ್ಚಾದರೂ ದೊಡ್ಡ ಚಕ್ರದ್ದನ್ನೇ ತೆಗೆದುಕೊಳ್ಳಿ.

ಇನ್ನೆರಡು ಮಾತು. ತರಕಾರಿ ಚೀಲ ಹಿಡಿಕೆಗೆ ನೇತುಹಾಕಬೇಡಿ, ಗಾಡಿ ಹಿಂದಕ್ಕೆ ಮಗುಚುತ್ತದೆ. ದಾವಣಗೆರೆ ಬಿಸಿಲು ಗೊತ್ತೇ ಇದೆ, ಆದರೂ ಮೇಲೆ ದುಪ್ಪಟ್ಟಾ ಹೊದಿಸಬೇಡಿ. ಗಾಳಿ ಆಡದೆ ಒಳಗೆ ಸೆಕೆ ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ.