ಸಂಜೆ ಆದ ಮೇಲೆ ಸೋಲಾರ್ ಪಾರ್ಕ್‌ನಲ್ಲಿ ಏನ್ಮಾಡ್ತಾರೆ?

(ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗಿ ಮತ್ತು ಮನೆಯವರ ಒಪ್ಪಿಗೆ ಇದೆ.)

ಕಾವ್ಯ ಪಾವಗಡ ತಾಲ್ಲೂಕಿನ ಹಳ್ಳಿಯವಳು. ಆಗ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಮುಂದೇನು ಓದಬೇಕು ಅಂತ ಮಕ್ಕಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಅವಳನ್ನು ವಿಜ್ಞಾನದ ಟೀಚರ್ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ಹುಷಾರಿದ್ದಾಳೆ ಮೇಡಂ. ಮನೆ ಹತ್ರಾನೇ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ಆ ಲೈನಿಗೆ ಹೋಗು ಅಂತ ನೀವೊಂದು ಮಾತು ಹೇಳಿ" ಅಂದರು. ಕಾವ್ಯ ಎಲ್ಲದಕ್ಕೂ "ಹೂಂ ಮೇಡಂ" ಅಂದಳು. ನನಗೆ ಈ ಹೂಂ ಮೇಲೆ ನಂಬಿಕೆ ಕಡಿಮೆ. ಟೀಚರಿಗೆ ಹೂಂ ಅಂದವಳು ನಾಳೆ ಅಪ್ಪ ಕಾಮರ್ಸ್ ತಗೋ ಅಂದರೂ ಹೂಂ ಅನ್ನುತ್ತಾಳೆ.

ಅವಳೊಬ್ಬಳ ಜೊತೆ ಕೂತಾಗ ಬೇರೆಯೇ ವಿಷಯ ಹೊರಬಂತು. ಶಾಲೆಯಿಂದ ಒಂದು ಪ್ಲಾಂಟ್ ನೋಡಲು ಹೋಗಿದ್ದರಂತೆ. ಕಂಟ್ರೋಲ್ ರೂಮಿನಲ್ಲಿ ಜಾಗ ಇಲ್ಲ ಅಂತ ಹುಡುಗರನ್ನು ಮಾತ್ರ ಒಳಗೆ ಬಿಟ್ಟರು. ಹುಡುಗಿಯರನ್ನು ಪ್ಯಾನಲ್ ಮುಂದೆ ನಿಲ್ಲಿಸಿ ಫೋಟೋ ತೆಗೆದರು. "ಸಂಜೆ ಆದ್ಮೇಲೆ ಅಲ್ಲಿ ಏನ್ಮಾಡ್ತಾರೆ ಅಂತ ಕೇಳ್ಬೇಕು ಅನ್ಕೊಂಡಿದ್ದೆ ಮೇಡಂ. ಕೇಳೋಕೆ ಆಗ್ಲಿಲ್ಲ."

ನಾನು ಸಲಹೆ ಶುರು ಮಾಡಿದ್ದು ಆ ಪ್ರಶ್ನೆಯಿಂದಲೇ. ಪಾವಗಡದ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಹೊತ್ತು ಇಳಿದಂತೆ ಅದರ ಉತ್ಪಾದನೆ ಸೊನ್ನೆಗೆ ಬರುತ್ತೆ. ಮನೆಮನೆಯಲ್ಲಿ ಲೈಟು, ಟಿವಿ ಹಾಕುವುದೂ ಅದೇ ಹೊತ್ತಿಗೆ. ಆಗ ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು ಕೈ ಹಿಡಿಯಬೇಕು. ಶರಾವತಿ ವಿದ್ಯುದಾಗಾರದಲ್ಲಿ 10 ಯೂನಿಟ್ ಇವೆ, ಎಲ್ಲ ಸೇರಿ 1,035 ಮೆಗಾವ್ಯಾಟ್. ನೀರಿನ ಯೂನಿಟ್ ನಿಮಿಷಗಳಲ್ಲಿ ಶುರುವಾಗುತ್ತೆ, ಕಲ್ಲಿದ್ದಲಿನದಕ್ಕೆ ಗಂಟೆಗಟ್ಟಲೆ ಬೇಕು. "ಹಂಗಾದ್ರೆ ಈಗ ಶರಾವತಿ ಶುರು ಮಾಡಿ ಅಂತ ಯಾರು ಹೇಳ್ತಾರೆ?" ಅಂದಳು. ಅದಕ್ಕೇ ಬೆಂಗಳೂರಿನಲ್ಲಿ ಲೋಡ್ ಡಿಸ್ಪ್ಯಾಚ್ ಸೆಂಟರ್ ಇದೆ, ಎಂಜಿನಿಯರುಗಳು ಹಗಲು ರಾತ್ರಿ ಪಾಳಿಯಲ್ಲಿ ಕೂತಿರುತ್ತಾರೆ ಅಂದೆ. ಅವತ್ತು ಅವಳು ಹೂಂ ಅನ್ನಲಿಲ್ಲ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು.

ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಅವರದು ಒಂದಷ್ಟು ಜಮೀನು ಪಾರ್ಕ್‌ಗೆ ಗುತ್ತಿಗೆ ಹೋಗಿದೆ. ಉಳಿದ ಎರಡು ಎಕರೆಯಲ್ಲಿ ಬೋರ್‌ವೆಲ್ ಇಟ್ಟುಕೊಂಡು ಕಡಲೆಕಾಯಿ ಬೆಳೆಯುತ್ತಾರೆ. "ಕರೆಂಟಿನ ಸಹವಾಸ ಹೆಣ್ಮಕ್ಳಿಗೆ ಬೇಡ ಮೇಡಂ. ಕಂಬ ಹತ್ತೋಕಾಗುತ್ತಾ?" ಅಂದರು. ತ್ರೀ ಫೇಸ್ ಬಂದಾಗ ಮೋಟಾರು ಆನ್ ಮಾಡುವವರು ಯಾರು ಅಂತ ಕೇಳಿದೆ. ಕಾವ್ಯಾನೇ ಅಂತೆ! ಒಂದು ಫೇಸ್ ಇಲ್ಲದಿದ್ದರೆ ಮೋಟಾರು ಗುಂಯ್ ಅನ್ನುತ್ತೆ, ತಕ್ಷಣ ಆಫ್ ಮಾಡದಿದ್ದರೆ ವೈಂಡಿಂಗ್ ಸುಟ್ಟುಹೋಗುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅಪ್ಪ ನಕ್ಕುಬಿಟ್ಟರು.

ನಕ್ಕ ಮಾತ್ರಕ್ಕೆ ಭಯ ಹೋಗಲ್ಲ, ಅಲ್ವಾ? ಕೆದಕಿದಾಗ ಅವರ ನಿಜವಾದ ಚಿಂತೆ ಹಾಸ್ಟೆಲ್, ಬಸ್ಸು, ರಾತ್ರಿ ಪಾಳಿ, ಖರ್ಚು ಅಂತ ತಿಳಿಯಿತು. ಅದು ಹಿಂದುಳಿದ ಯೋಚನೆ ಅಂತ ನಾನು ಯಾವತ್ತೂ ಹೇಳಲ್ಲ. ಒಂದೊಂದಕ್ಕೂ ಉತ್ತರ ಕೊಡಬೇಕು, ಅಷ್ಟೇ.

ಕಂಬ ಹತ್ತುವುದು ಲೈನ್‌ಮನ್ ಕೆಲಸ. ಡಿಪ್ಲೊಮಾ ಮಾಡಿದವರಿಗೆ ಜೂನಿಯರ್ ಎಂಜಿನಿಯರ್ ಹುದ್ದೆಗಳಿವೆ. ಸಬ್‌ಸ್ಟೇಷನ್, ಮೀಟರ್ ಪರೀಕ್ಷೆ, ಪ್ಲಾಂಟ್‌ನಲ್ಲಿ ಇನ್ವರ್ಟರ್ ನೋಡಿಕೊಳ್ಳುವುದು, ಯಾವ ಪ್ಯಾನಲ್ ಸಾಲು ಕಡಿಮೆ ಕೊಡುತ್ತಿದೆ ಅಂತ ಕಂಪ್ಯೂಟರಿನಲ್ಲಿ ಹುಡುಕುವುದು, ಹೀಗೆ ಕೆಲಸ ಹಲವು ಥರ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮೂರು ವರ್ಷ. ಆಮೇಲೆ ಇಷ್ಟವಿದ್ದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ. ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಇದೆ. ಹೆಣ್ಣುಮಕ್ಕಳಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ 8 ಲಕ್ಷದೊಳಗಿರಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ ಅನ್ನುವುದನ್ನೂ ಹೇಳಿದೆ.

ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಓದಿದ ಕೂಡಲೇ ಊರ ಪಕ್ಕದ ಪಾರ್ಕ್‌ನಲ್ಲೇ ಕೆಲಸ ಸಿಗುತ್ತೆ ಅಂತ ನಂಬಬೇಡಿ. ಕಟ್ಟುವಾಗ ಬೇಕಾದಷ್ಟು ಜನ ಆಮೇಲೆ ಬೇಕಾಗಲ್ಲ. ಇರುವ ಕೆಲಸದಲ್ಲೂ ಗುತ್ತಿಗೆಯದೇ ಜಾಸ್ತಿ. ಪ್ಯಾನಲ್ ತೊಳೆಯುವುದು, ಹುಲ್ಲು ಕೀಳುವುದು ಊರಿನ ಹೆಂಗಸರಿಗೆ, ಒಳಗಿನ ಟೆಕ್ನಿಕಲ್ ಕೆಲಸ ಹೊರಗಿನಿಂದ ಬಂದ ಗಂಡಸರಿಗೆ ಅನ್ನುವುದು ಅವಳ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಅಮ್ಮನೇ ಅಂದರು: "ಹೊರಗಿನೋರಿಗೆ ಸಿಗೋದು ಓದಿರೋದಕ್ಕೇ ಅಲ್ವಾ ಮೇಡಂ, ಇವ್ಳೂ ಓದ್ಲಿ."

ಸಾಧಕಿಯರ ಕಥೆ ಹೇಳಿ ಹುರಿದುಂಬಿಸುವುದು ನನಗೆ ಅಷ್ಟಾಗಿ ಒಗ್ಗಲ್ಲ. ಆದರೆ ಅಪ್ಪನಿಗೆ ಒಬ್ಬರ ವಿಷಯ ಹೇಳಿದೆ. ಎ. ಲಲಿತಾ 18ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡಾಗ ಕೈಯಲ್ಲಿ ಹಸುಗೂಸಿತ್ತು. 1943ರಲ್ಲಿ ಮದರಾಸಿನ ಗಿಂಡಿ ಕಾಲೇಜಿನಿಂದ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಮುಂದೆ ಭಾಕ್ರಾ ನಂಗಲ್ ಯೋಜನೆಗೂ ಕೆಲಸ ಮಾಡಿದರು. ಅವರ ಅಪ್ಪ ಅದೇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರು. ಮಗಳಿಗೆ ಸೀಟು ಸಿಗಲು ಓಡಾಡಿದ್ದೂ ಅವರೇ. ಕಾವ್ಯಳ ಅಪ್ಪ ಲಲಿತಾ ಬಗ್ಗೆ ಏನೂ ಕೇಳಲಿಲ್ಲ. ಆ ಅಪ್ಪನ ಬಗ್ಗೆ ಕೇಳಿದರು.

ತೀರ್ಮಾನಕ್ಕೆ ಮೊದಲು ಒಂದು ಕೆಲಸ ಕೊಟ್ಟಿದ್ದೆ. ಅಪ್ಪ ಮಗಳು ಇಬ್ಬರೂ ಹೋಗಿ ಪಾಲಿಟೆಕ್ನಿಕ್‌ನ ಲ್ಯಾಬು, ಹಾಸ್ಟೆಲ್, ಬಸ್‌ಸ್ಟಾಂಡಿಗೆ ನಡೆಯುವ ದಾರಿ ನೋಡಿ ಬರಬೇಕು. ಅಲ್ಲಿ ಓದುತ್ತಿರುವ ಹುಡುಗಿಯರ ಜೊತೆ ಕಾವ್ಯ ಒಬ್ಬಳೇ ಮಾತಾಡಬೇಕು. ಬೇಡ ಅನ್ನಿಸಿದರೆ ಬೇಡ ಅನ್ನಬಹುದು ಅಂತಲೂ ಹೇಳಿದ್ದೆ.

ಅವಳು ಸೇರಿದಳು. ಮೊದಲ ಸೆಮಿಸ್ಟರಿನಲ್ಲಿ ಗಣಿತ ಕಷ್ಟವಾಗಿ ಫೋನ್ ಮಾಡಿದಳು. ಗಣಿತಕ್ಕಿಂತ ಬೇರೆ ಒಂದು ವಿಷಯ ನನಗೆ ಮುಖ್ಯ ಅನ್ನಿಸಿತು. ಲ್ಯಾಬ್‌ನಲ್ಲಿ ಹುಡುಗರು ವೈರಿಂಗ್ ಮಾಡುತ್ತಾರೆ, ಹುಡುಗಿಯರು ರೆಕಾರ್ಡ್ ಬರೆಯುತ್ತಾರೆ. ಅಕ್ಷರ ಚೆನ್ನಾಗಿದೆ ಅಂತ ಹೊಗಳಿ ಅವಳಿಗೂ ಪೆನ್ನು ಕೊಟ್ಟಿದ್ದರು. ಜಗಳ ಬೇಡ, ಸರದಿ ಪ್ರಕಾರ ಎಲ್ಲರಿಗೂ ವೈರಿಂಗ್ ಕೊಡಿ ಅಂತ ಲ್ಯಾಬ್ ಮೇಷ್ಟ್ರನ್ನ ಕೇಳು, ಒಬ್ಬಳೇ ಬೇಡ, ಉಳಿದ ಹುಡುಗಿಯರನ್ನೂ ಕರೆದುಕೊಂಡು ಹೋಗು ಅಂದೆ. ಮೇಷ್ಟ್ರು ಒಪ್ಪಿದರಂತೆ. ಈಗ ರೆಕಾರ್ಡ್ ಬರೆಯುವ ಸರದಿ ಹುಡುಗರಿಗೂ ಬರುತ್ತೆ.