ಕೆಲಸ ಬಿಟ್ಟು ಬಾಸ್ ಮೀನಿನ ಪಂದ್ಯಕ್ಕೆ ಇಳಿಯುವ ಮುನ್ನ

ಡಲ್ಲಾಸ್‌ನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಬಾಸ್ ಎಂಬ ಸಿಹಿನೀರಿನ ಮೀನನ್ನು ಗಾಳದಿಂದ ಹಿಡಿದು ತೂಕದ ಮೇಲೆ ಗೆಲ್ಲುವ ಪಂದ್ಯಗಳನ್ನೇ ವೃತ್ತಿ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಟೆಕ್ಸಾಸ್‌ನ ಕ್ಲಬ್ ಪಂದ್ಯಗಳಲ್ಲಿ 11 ವರ್ಷಗಳಿಂದ ಗಾಳ ಹಾಕುತ್ತಿರುವವನಾಗಿ ಹೇಳುತ್ತೇನೆ: ಆಸೆ ಬಿಡಬೇಡಿ, ಆದರೆ ಕೆಲಸವನ್ನೂ ಈಗಲೇ ಬಿಡಬೇಡಿ. ವೀಸಾ ಆ ಕೆಲಸಕ್ಕೇ ಅಂಟಿಕೊಂಡಿದ್ದರೆ ಮಾತೇ ಬೇರೆ, ಮೊದಲು ವಕೀಲರನ್ನು ಕಾಣಿ.

ಹೊರಗಿನಿಂದ ಅಮೆರಿಕಕ್ಕೆ ಬಂದ ನಮಗೆ ಜಪಾನಿನ ಬಾಸ್ ಸ್ಪರ್ಧಿ ತಕಾಹಿರೊ ಒಮೊರಿ ಅವರ ಬದುಕು ತೀರ ಹತ್ತಿರದ್ದು. ಟೋಕಿಯೊದಿಂದ 1992ರಲ್ಲಿ ಬಂದಿಳಿದಾಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮನೆ ಮಾಡಲು ಹಣವಿಲ್ಲದೆ ವಾಹನದಲ್ಲೇ ಮಲಗಿ, ಪಂದ್ಯದಿಂದ ಪಂದ್ಯಕ್ಕೆ ಅಲೆದರು. 2004ರಲ್ಲಿ ಲೇಕ್ ವೈಲಿ ಎಂಬ ಸರೋವರದಲ್ಲಿ, ಈ ಕ್ರೀಡೆಯ ಅತಿ ಪ್ರತಿಷ್ಠಿತ ಪಂದ್ಯವಾದ ಬಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದು 2 ಲಕ್ಷ ಡಾಲರ್ ಪಡೆದರು. ನಡುವೆ 12 ವರ್ಷ! ಅಷ್ಟು ಕಾಲ ನಿಮ್ಮ ಮನೆಯವರು ತಡೆದುಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿ.

ವಯಸ್ಸು ಮೀರುತ್ತದೆ ಎಂಬ ಅವಸರ ಬೇಡ. ತೈಲ ಕಂಪನಿಯೊಂದರ ಕಂಪ್ಯೂಟರ್ ಕೆಲಸ ಬಿಟ್ಟು ಬಂದ ರಿಕ್ ಕ್ಲನ್ ನಾಲ್ಕು ಬಾರಿ ಕ್ಲಾಸಿಕ್ ಗೆದ್ದರು. ಅವರೇ 2019ರಲ್ಲಿ, 72ನೇ ವಯಸ್ಸಿನಲ್ಲಿ, ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ ಮತ್ತೊಂದು ದೊಡ್ಡ ಪಂದ್ಯ ಗೆದ್ದರು.

ಹಣ ಕರಗುವುದು ಮೀನು ಹಿಡಿಯುವಾಗಲ್ಲ. ಪ್ರವೇಶ ಶುಲ್ಕ, ದೋಣಿಯ ಕಂತು, ಅದನ್ನು ಎಳೆಯುವ ಟ್ರಕ್ಕಿನ ಇಂಧನ, ಅಭ್ಯಾಸದ ದಿನಗಳ ವಸತಿ, ಇವೆಲ್ಲ ಗೆದ್ದರೂ ಸೋತರೂ ತಪ್ಪುವುದಿಲ್ಲ. ಬಹುಮಾನವೋ ಫಲಿತಾಂಶದ ಪಟ್ಟಿಯಲ್ಲಿ ಮೇಲಿರುವವರಿಗಷ್ಟೇ ಸಿಗುತ್ತದೆ. ಪ್ರಾಯೋಜಕರು ಬಂದರೆ ವಸ್ತುಪ್ರದರ್ಶನಗಳಲ್ಲಿ ನಿಂತು ಜನರೊಡನೆ ಮಾತನಾಡುವುದೂ ನಿಮ್ಮ ಕೆಲಸವೇ.

ಕೈಗೆ ಬರಬೇಕಾದ ವಿದ್ಯೆಯ ಒಂದು ಉದಾಹರಣೆ ಕೊಡುತ್ತೇನೆ. ಕ್ರ್ಯಾಂಕ್‌ಬೈಟ್ ಎಂಬ ಮೀನಿನಾಕಾರದ ಕೃತಕ ಆಮಿಷವನ್ನು ನೀರಿನಲ್ಲಿ ಎಳೆಯುವಾಗ ಅದು ಮುಳುಗಿದ ಮರದ ಬುಡಕ್ಕೆ ಬಡಿಯುತ್ತದೆ. ಟಕ್ ಎಂಬ ಆ ಪೆಟ್ಟು ದಾರದ ಮೂಲಕ ಅಂಗೈಗೆ ತಲುಪುತ್ತದೆ. ಹೊಸಬರು ಸಿಕ್ಕಿಕೊಂಡಿತೆಂದು ಜೋರಾಗಿ ಎಳೆಯುತ್ತಾರೆ. ಎಳೆಯಬೇಡಿ, ರೀಲ್ ನಿಲ್ಲಿಸಿ. ಅದು ಹಿಮ್ಮುಖವಾಗಿ ಮೆಲ್ಲನೆ ತೇಲಿ ಬಿಡಿಸಿಕೊಳ್ಳುವ ಕ್ಷಣದಲ್ಲೇ ಬಾಸ್ ಬಾಯಿ ಹಾಕುವುದು ಹೆಚ್ಚು. ದಾರ ಒಮ್ಮೆಲೆ ಭಾರವಾಗುತ್ತದೆ, ಅಷ್ಟೇ ಸೂಚನೆ.

ಹಿಡಿದದ್ದನ್ನು ಬದುಕಿಸಿಕೊಳ್ಳುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಿರಿ. ಬಾಸ್‌ಮಾಸ್ಟರ್ ಪಂದ್ಯಗಳನ್ನು ಆರಂಭಿಸಿದ ರೇ ಸ್ಕಾಟ್ 1972ರಲ್ಲಿ ತಮ್ಮ ಪಂದ್ಯಗಳಲ್ಲಿ ಮೀನನ್ನು ತೂಗಿ ಜೀವಂತ ಬಿಡುವ ಪದ್ಧತಿ ತಂದರು. ಇಂದು ಸತ್ತ ಮೀನು ತಂದರೆ ತೂಕದಲ್ಲಿ ಕಡಿತವಾಗುತ್ತದೆ. ಒಂದು ಆಗಸ್ಟ್‌ನಲ್ಲಿ ನನ್ನ ಲೈವ್‌ವೆಲ್‌ನ, ಅಂದರೆ ಹಿಡಿದ ಮೀನನ್ನು ಜೀವಂತ ಇಡುವ ದೋಣಿಯೊಳಗಿನ ತೊಟ್ಟಿಯ, ಪಂಪ್ ನಿಂತದ್ದನ್ನು ನಾನು ಗಮನಿಸಲಿಲ್ಲ. ಮುಚ್ಚಳ ತೆಗೆದಾಗ ಎರಡು ಮೀನುಗಳು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಳೆದುಕೊಂಡ ತೂಕಕ್ಕಿಂತ ಆ ನೋಟವೇ ಹೆಚ್ಚು ನೋಯಿಸಿತು. ಈಗ ಬೇಸಿಗೆಯಲ್ಲಿ ತೊಟ್ಟಿಯನ್ನು ತಂಪಾಗಿಡಲು, ನೀರು ತುಂಬಿ ಮಂಜುಗಡ್ಡೆಯಾಗಿಸಿದ ಬಾಟಲಿಗಳಿಲ್ಲದೆ ದೋಣಿ ಇಳಿಸುವುದಿಲ್ಲ.

ಈ ವರ್ಷ ದೋಣಿ ಕೊಳ್ಳಬೇಡಿ. ಬೇರೆಯವರ ದೋಣಿಯ ಹಿಂಬದಿಯಲ್ಲಿ ನಿಂತು ಸ್ಪರ್ಧಿಸುವ ಅವಕಾಶವಿರುವ ಪಂದ್ಯಗಳಿಗೆ ಹೆಸರು ಕೊಡಿ, ಖರ್ಚನ್ನು ಪೈಸೆ ಬಿಡದೆ ಬರೆದಿಡಿ. ಬಾಸ್ ಸಿಗುವ ಲೇಕ್ ಫೋರ್ಕ್ ಸರೋವರ ನಿಮಗೆ ದೂರವಲ್ಲ. ಶನಿವಾರಗಳಲ್ಲಿ ನನ್ನ ದೋಣಿಯಲ್ಲಿ ಒಂದು ಜಾಗ ಖಾಲಿ ಇರುತ್ತದೆ.