ಅಮೆರಿಕ ಇನ್ನೂ ಏಕೆ ತೈಲ ಆಮದು ಮಾಡಿಕೊಳ್ಳುತ್ತದೆ?

ಅಷ್ಟೊಂದು ತೈಲವಿದ್ದೂ ಅಮೆರಿಕದ ಆಮದು ಏಕೆ ನಿಂತಿಲ್ಲ, ಅಲ್ಲಿ ಪೆಟ್ರೋಲ್ ಏಕೆ ಅಗ್ಗವಾಗಿಲ್ಲ ಎಂದು ಕೇಳಿದ್ದೀರಿ. ಎಷ್ಟು ತೈಲವಿದೆ ಎನ್ನುವುದಕ್ಕಿಂತ ಎಂಥ ತೈಲವಿದೆ ಎನ್ನುವುದೇ ಇಲ್ಲಿ ಮುಖ್ಯ. ಟೆಕ್ಸಾಸ್, ನಾರ್ತ್ ಡಕೋಟಾಗಳ ಶೇಲ್ ಬಂಡೆಗಳಿಂದ ಬರುವುದು ತೆಳುವಾದ, ಗಂಧಕ ಕಡಿಮೆಯಿರುವ ಕಚ್ಚಾ ತೈಲ. ಮೆಕ್ಸಿಕೊ ಕೊಲ್ಲಿಯ ದಡದ ಅನೇಕ ಸಂಸ್ಕರಣಾಗಾರಗಳೋ, ಶೇಲ್ ತೈಲ ಉಕ್ಕುವ ಮೊದಲೇ ವೆನೆಜುವೆಲಾ, ಮೆಕ್ಸಿಕೊ, ಕೆನಡಾಗಳ ಮಂದ ತೈಲಕ್ಕೆಂದು ಅಪಾರ ಹಣ ಸುರಿದು ಸಜ್ಜಾದವು. ಅವನ್ನು ಬದಲಿಸುವುದು ಬಹಳ ದುಬಾರಿ. ಹಾಗಾಗಿ ತೆಳು ತೈಲ ಹೊರಗೆ ಹೋಗುತ್ತದೆ, ಮಂದ ತೈಲ ಒಳಗೆ ಬರುತ್ತದೆ. 2015ರ ಕೊನೆಯಲ್ಲಿ ಕಚ್ಚಾ ತೈಲದ ರಫ್ತು ನಿರ್ಬಂಧ ತೆರವಾದ ಮೇಲೆ ಹೊರಹರಿವು ಇನ್ನಷ್ಟು ಹೆಚ್ಚಿತು.

ಬೆಲೆಯ ವಿಷಯದಲ್ಲಿ ರಾಜಕಾರಣಿಗಳ ‘ಇಂಧನ ಸ್ವಾತಂತ್ರ್ಯ’ದ (ಹೊರಗಿನ ಇಂಧನದ ಹಂಗಿಲ್ಲ ಎನ್ನುವ) ಮಾತು ಜನರನ್ನು ದಾರಿ ತಪ್ಪಿಸುತ್ತದೆ ಎಂದೇ ನನ್ನ ಅಭಿಪ್ರಾಯ. ತೈಲ ತೆಗೆಯುವವು ಖಾಸಗಿ ಕಂಪನಿಗಳು. ಅವು ಮಾರುವುದು ಜಾಗತಿಕ ದರಕ್ಕೆ. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲಿನ ಸರಾಸರಿ ಬೆಲೆ 5 ಡಾಲರ್ ದಾಟಿದಾಗ, ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುತ್ತಿದ್ದ ದೇಶ ಅದೇ ಆಗಿತ್ತು. ಆ ವರ್ಷ ಬೆಲೆ ತಗ್ಗಿಸಲೆಂದು ಸರ್ಕಾರ ತುರ್ತು ಸಂಗ್ರಹದಿಂದ 18 ಕೋಟಿ ಬ್ಯಾರೆಲ್ ಬಿಡುಗಡೆಗೆ ಆದೇಶಿಸಿತು. ಅಮೆರಿಕ ದಿನಕ್ಕೆ ಬಳಸುವುದು ಸುಮಾರು 2 ಕೋಟಿ ಬ್ಯಾರೆಲ್. ಲೆಕ್ಕ ಹಾಕಿದರೆ ಬಿಡುಗಡೆಯಾದದ್ದು ಬರೀ ಒಂಬತ್ತು ದಿನದ ತೈಲ.